ಓಬವ್ವನ ಒನಕೆಗೆ ಲ್ಯಾಟಿನ್ ಹೆಸರೇನು?

ಅಮೆರಿಕದವರ ಮರಪ್ರೇಮವನ್ನು ಮೆಚ್ಚಲೇಬೇಕು. 1900ರಲ್ಲಿ ಹಕ್ಕಿ-ಪ್ರಾಣಿಗಳ ಕಳ್ಳಸಾಗಣೆ ತಡೆಯಲು ತಂದ ಲೇಸಿ ಕಾಯ್ದೆಗೆ 2008ರಲ್ಲಿ ಗಿಡಮರಗಳನ್ನೂ ಸೇರಿಸಿದರು. ಮರದ ಮಾಲು ಒಳಗೆ ಬರಬೇಕಾದರೆ ಅದು ಯಾವ ಮರ, ಯಾವ ದೇಶದಲ್ಲಿ ಕಡಿದದ್ದು ಎಂದು ಘೋಷಣೆ ಬರೆದುಕೊಡಬೇಕು. ಇದನ್ನು ಹಂತಹಂತವಾಗಿ ಜಾರಿಗೆ ತಂದರು. 2024ರ ಡಿಸೆಂಬರ್ 1ರಿಂದ ಏಳನೇ ಹಂತ ಶುರುವಾಗಿ, ಉಳಿದಿದ್ದ ಪೀಠೋಪಕರಣ, ಬಿರಡೆಗಳೂ ಘೋಷಣೆಯ ಬಲೆಗೆ ಬಿದ್ದವು. ಕಾನೂನಿನ ಪ್ರಕಾರ ಫಾರಂ ತುಂಬಬೇಕಾದವನು ಅಲ್ಲಿ ಮಾಲು ತರಿಸಿಕೊಳ್ಳುವವನು. ಅವನು ಬೆಂಗಳೂರಿನ ಏಜೆಂಟನನ್ನು ಕೇಳುತ್ತಾನೆ. ಏಜೆಂಟ, ಅಮೆರಿಕಕ್ಕೆ ಹೋಗಬೇಕಾದ ಸ್ಟೂಲು ಮಾಡಿದ ಚಿತ್ರದುರ್ಗದ ಬಡಗಿಗೆ ವಾಟ್ಸಾಪ್ ಹಾಕುತ್ತಾನೆ: "ಅಣ್ಣ, ಸ್ಟೂಲಿಂದು ಜೀನಸ್ಸು, ಸ್ಪೀಷೀಸು ಸಂಜೆಯೊಳಗೆ ಕಳ್ಸಿ."

ಬಡಗಿ ಕಳಿಸಿದ್ದು ಒಂದೇ ಮಾತು: "ಜಾಲಿ."

ಸಾಲದಂತೆ. ಜೀನಸ್ಸು, ಸ್ಪೀಷೀಸು ಎಂದರೆ ಮರದ ಎರಡು ಪದದ ಲ್ಯಾಟಿನ್ ಹೆಸರು, ಅದೇ ಬೇಕಂತೆ. ಸರಿ, ಅಕೇಸಿಯಾ ನಿಲೋಟಿಕಾ ಎಂದು ಬರೆಯೋಣವೆಂದರೆ, ಆ ಅಕೇಸಿಯಾ ಹೆಸರನ್ನು ಸಸ್ಯಶಾಸ್ತ್ರಜ್ಞರು ಆಸ್ಟ್ರೇಲಿಯಾದ ಮರಗಳಿಗೆ ಬರೆದುಕೊಟ್ಟಾಗಿದೆ. 2011ರ ಮೆಲ್ಬರ್ನ್ ಸಮ್ಮೇಳನದಲ್ಲಿ ಅದು ಖಾಯಂ ಆಯಿತು. ನಮ್ಮ ಕರಿಜಾಲಿ ಈಗ ವ್ಯಾಚೆಲಿಯಾ. ಹಿರಿಯೂರು ರಸ್ತೆಯ ಪಕ್ಕ ನಿಂತಿರುವ ಮರಕ್ಕೆ ಈ ಸುದ್ದಿ ಇನ್ನೂ ಮುಟ್ಟಿಲ್ಲ.

ನನಗೆ ಚಿಂತೆ ಓಬವ್ವನದು. ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ತಲೆ ತೂರಿಸುತ್ತಿದ್ದಾರೆ, ಆಕೆ ಒನಕೆ ಎತ್ತಿದ್ದಾಳೆ. ತಡೀರಿ ತಾಯಿ! ಶಾಸ್ತ್ರೀಯ ಹೆಸರು? ಪ್ರಮಾಣ ಎಷ್ಟು, ಬೆಲೆ ಎಷ್ಟು? ಮರ ಕಡಿದ ದೇಶ ಯಾವುದು? ಪಟ್ಟಿಯಲ್ಲಿ ಚಿತ್ರದುರ್ಗ ಸಂಸ್ಥಾನ ಇಲ್ಲವಲ್ಲ! ಅಷ್ಟರಲ್ಲಿ ಹೈದರನ ಅರ್ಧ ಸೈನ್ಯ ಒಳಗೆ.

ಎಂಡಿಎಫ್‌ನಂಥ ಪುಡಿ-ಅಂಟಿನ ಹಲಗೆಗೆ ಒಂದು ರಿಯಾಯಿತಿ ಉಂಟು. ಎಷ್ಟು ವಿಚಾರಿಸಿದರೂ ಮರ ಯಾವುದೆಂದು ತಿಳಿಯದಿದ್ದರೆ ಜೀನಸ್ ಕಾಲಂನಲ್ಲಿ 'ಸ್ಪೆಷಲ್' ಎಂದು ಬರೆಯಬಹುದು, ದಾವಣಗೆರೆ ಹೋಟೆಲಿನಲ್ಲಿ ಬೆಣ್ಣೆ ದೋಸೆ ಹೇಳಿದ ಹಾಗೆ. ಇನ್ನು ಸ್ಟೂಲು ತುಂಬಿದ ಮರದ ಪೆಟ್ಟಿಗೆಗೆ ಈ ಘೋಷಣೆಯೇ ಬೇಡ. ಅದಕ್ಕೆ ಬೇರೆ ಶಾಸ್ತ್ರ: ತಿರುಳಿನವರೆಗೂ 56 ಡಿಗ್ರಿಯಲ್ಲಿ 30 ನಿಮಿಷ ಬೇಯಿಸಿ ಮುದ್ರೆ ಒತ್ತಿಸಬೇಕು. ಏಪ್ರಿಲ್‌ನಲ್ಲಿ ಚಳ್ಳಕೆರೆ ಬಸ್‌ಸ್ಟ್ಯಾಂಡಿನಲ್ಲಿ ಇಟ್ಟರೆ ಒಪ್ಪುವುದಿಲ್ಲವಂತೆ.

ಕೊನೆಗೆ ಏಜೆಂಟನೇ ದಾರಿ ತೋರಿಸಿದ. "ತೇಗ ಅಂತ ಹಾಕ್ಬಿಡ್ಲಾ ಅಣ್ಣ? ಯಾರು ನೋಡ್ತಾರೆ?"

ಇಲ್ಲೇ ನನಗೆ ನಗು ನಿಂತಿದ್ದು. ಕಾಡು ಉಳಿಯಲಿ ಅಂತಲೇ ಬಂದ ಕಾನೂನು, ಬೇಡ ಅನ್ನುವವರು ಯಾರು? ಆದರೆ ಲಂಬರ್ ಲಿಕ್ವಿಡೇಟರ್ಸ್ ಎಂಬ ಅಮೆರಿಕದ್ದೇ ದೊಡ್ಡ ಕಂಪನಿ ರಷ್ಯಾದ ಮಂಗೋಲಿಯನ್ ಓಕನ್ನು ವೆಲ್ಶ್ ಓಕ್ ಎಂದು ಬರೆದು ಸಾಗಿಸಿತ್ತು. 2016ರಲ್ಲಿ 1.3 ಕೋಟಿ ಡಾಲರಿಗೂ ಹೆಚ್ಚು ದಂಡ ಬಿತ್ತು. ಕಟ್ಟಿತು, ಅಂಗಡಿ ನಡೆಸಿತು. ಸುಳ್ಳು ಬರೆಯುವವನಿಗೆ ಲ್ಯಾಟಿನ್ ಚೆನ್ನಾಗಿ ಬರುತ್ತೆ ಸ್ವಾಮಿ. ನಿಜ ಹೇಳಿದ ಬಡಗಿಯ ಸ್ಟೂಲುಗಳು ಇನ್ನೂ ಅವನ ಜಗಲಿ ಮೇಲೇ ಇವೆ, ಮರದ ಅಡ್ಡೆಯವನು ಬಾಕಿಗೆ ದಿನಾ ಫೋನು ಮಾಡುತ್ತಿದ್ದಾನೆ.