ಲೋಟ ಕೆಳಗಿಡಿ, ಆಟೋ ಹೊರಡಲಿ

ಇವತ್ತು ಬೆಳಗ್ಗೆ ದಾವಣಗೆರೆ ನಿಟ್ಟುವಳ್ಳಿಯ ಒಂದು ಅಡ್ಡರಸ್ತೆಯಲ್ಲಿ ಆಟೋ ನಿಂತಿತ್ತು, ಎಂಜಿನ್ ಚಾಲೂ. ಹಿಂದಿನ ಸೀಟಲ್ಲಿ ತಾಯಿಯ ತೊಡೆ ಮೇಲೆ ಎರಡೂವರೆ ಮೂರು ವರ್ಷದ ಮಗು. ಜೊಲ್ಲು ದಾರದ ಹಾಗೆ ಇಳಿದು ಅಂಗಿ ಒದ್ದೆಯಾಗಿದೆ. ಕೆಳತುಟಿಯ ಒಳಮೈ ಬೆಳ್ಳಗೆ ಸುಟ್ಟಿದೆ. ಉಗುಳನ್ನೂ ನುಂಗೋಕಾಗ್ತಿಲ್ಲ. ಕಕ್ಕಸು ತೊಳೆಯೋ ಆಸಿಡ್ ಕುಡಿದಿತ್ತು, ಹಳೇ ಜ್ಯೂಸ್ ಬಾಟ್ಲಿಯಲ್ಲಿ ತುಂಬಿಸಿಟ್ಟಿದ್ದು. ಆಟೋದವನು "ಹೋಗೋಣ ಬಿಡ್ರೀ, ಚಿಗಟೇರಿ ಆಸ್ಪತ್ರೆ ಇಲ್ಲೇ ಐತಿ" ಅಂತ ಒದರ್ತಿದಾನೆ. ನಾಲ್ಕು ಜನ ಬಿಡ್ತಿಲ್ಲ. ಒಬ್ಬರ ಕೈಯಲ್ಲಿ ಸ್ಟೀಲ್ ಲೋಟ, ಅದರ ತಳದಲ್ಲಿ ಇನ್ನೂ ಕರಗದ ಕಲ್ಲುಪ್ಪು. "ವಾಂತಿ ಆದ್ರೆ ಎಲ್ಲಾ ಬಂದ್ಬಿಡುತ್ತೆ."

ಲೋಟ ಕಸಿದು ಚರಂಡಿಗೆ ಸುರಿದ ಮೇಲೆ ಆಟೋ ಹೊರಟಿತು. ನಾನು ವಿಷ ಕುಡಿದು ಬಂದವರ ವಾರ್ಡಿನಲ್ಲಿ ಕೆಲಸ ಮಾಡ್ತೀನಿ ಅಂತ ಇಲ್ಲಿರೋ ಹೆಚ್ಚಿನವರಿಗೆ ಗೊತ್ತು. ಹಾಗಾಗಿ ಇದು ಕೋಪದಲ್ಲಿ ಬರೆದದ್ದು ಅಂತ ಪಕ್ಕಕ್ಕಿಡಬೇಡಿ. ಕೋಪ ಇರೋದು ನಿಜ, ಬರೆದಿರೋದೂ ನಿಜ.

ಅಲ್ರೀ, ಆಸಿಡ್ ಒಳಗೆ ಹೋಗುವಾಗ ಅನ್ನನಾಳ ಒಂದು ಸಲ ಸುಟ್ಟಿದೆ. ವಾಂತಿ ಮಾಡಿಸಿದ್ರೆ ಅದೇ ದಾರಿಯಲ್ಲಿ ವಾಪಸ್ ಬಂದು ಎರಡನೇ ಸಲ ಸುಡುತ್ತೆ. ಗಂಟಲ ಹತ್ತಿರ ಉಸಿರುಕೊಳವೆಗೂ ಜಾರುತ್ತೆ. ಮೇಲಿಂದ ಆ ಉಪ್ಪು. ಒಂದು ದೊಡ್ಡ ಚಮಚದಲ್ಲಿ 15ರಿಂದ 18 ಗ್ರಾಂ ಇರುತ್ತೆ. ಹನ್ನೆರಡು ಕೆಜಿ ಮಗುವಿನ ರಕ್ತದಲ್ಲಿ ಸೋಡಿಯಂ ಸರ್ರನೆ ಏರಿಸೋಕೆ ಅಷ್ಟು ಸಾಕು. ಸೋಡಿಯಂ ಏರಿದ್ರೆ ಮಿದುಳಿನ ಕೋಶಗಳಿಂದ ನೀರು ಹೊರಕ್ಕೆ ಎಳೆದುಕೊಳ್ಳುತ್ತೆ, ಫಿಟ್ಸ್ ಬರುತ್ತೆ, ಜೀವಾನೂ ಹೋಗಬಹುದು. ವಿಷದಿಂದ ಬದುಕಬಹುದಾಗಿದ್ದ ಮಗುವಿಗೆ ಉಪ್ಪೇ ವಿಷ. ವಾಂತಿ ಮಾಡಿಸೋಕೆ ಅಂತಾನೇ ಇದ್ದ ಇಪೆಕಾಕ್ ಸಿರಪ್ಪನ್ನೇ ಮನೆಯಲ್ಲಿ ಇಟ್ಕೋಬೇಡಿ ಅಂತ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2003ರಲ್ಲೇ ಹೇಳಿದೆ. ನಮ್ಮ ಕಡೆ ಇನ್ನೂ ಉಪ್ಪುನೀರು, ಸೋಪಿನ ನೀರು, ಹುಣಸೆಹುಳಿ, ಹಸಿ ಮೊಟ್ಟೆ. ಕೆಲವು ಊರುಗಳಲ್ಲಿ ಇನ್ನೇನೇನು ಕಲಸಿ ಕುಡಿಸ್ತಾರೆ ಅನ್ನೋದು ಹೇಳೋಕೂ ಹೇಸಿಗೆ.

"ಆಸಿಡ್ ಅಲ್ವಾ, ಸೋಡಾ ಪುಡಿ ಕೊಟ್ರೆ ಸರಿಹೋಗುತ್ತೆ" ಅನ್ನೋ ಬುದ್ಧಿವಂತರೂ ಇದ್ದಾರೆ. ಆಸಿಡ್ಡಿಗೆ ಕ್ಷಾರ ಸೇರಿದ್ರೆ ಶಾಖ ಹುಟ್ಟುತ್ತೆ, ಗ್ಯಾಸ್ ಉಬ್ಬುತ್ತೆ, ಅದೂ ಆಗಲೇ ಸುಟ್ಟ ಹೊಟ್ಟೆಯೊಳಗೆ. ಸಿಂಕ್ ಪೈಪಿಗೆ ಹಾಕೋ ಕಾಸ್ಟಿಕ್ ಸೋಡಾ ನುಂಗಿದವರಿಗೆ ನಿಂಬೆರಸ ಕೊಡೋದೂ ಇಂಥದ್ದೇ ತಪ್ಪು. ಮಾಡಬೇಕಾದ್ದು ಇಷ್ಟು: ಬಾಯಿ ತೊಳೆಸಿ ಉಗುಳಿಸಿ, ಮೈಮೇಲೆ ಚೆಲ್ಲಿದ ಬಟ್ಟೆ ಬಿಚ್ಚಿ ಹರಿಯೋ ನೀರಲ್ಲಿ ಚರ್ಮ ತೊಳೀರಿ, ಕಣ್ಣಿಗೆ ಬಿದ್ದಿದ್ರೆ ರೆಪ್ಪೆ ಅಗಲಿಸಿ ಕನಿಷ್ಠ ಹದಿನೈದು ನಿಮಿಷ ತೊಳೀರಿ, ಎಚ್ಚರ ಇದ್ರೆ ಕೂರಿಸಿಕೊಂಡೇ ಹೊರಡಿ. ಬಾಯಲ್ಲಿ ಗಾಯ ಕಾಣಿಸ್ಲಿಲ್ಲ ಅಂತ ಮನೆಯಲ್ಲೇ ಉಳೀಬೇಡಿ. ಬಾಯಿ ಚೆನ್ನಾಗಿದ್ದು ಅನ್ನನಾಳ ಸುಟ್ಟಿರೋದು ಅಪರೂಪವಲ್ಲ. ಜೊಲ್ಲು ನಿಲ್ಲದಿರೋದು, ಧ್ವನಿ ಒಡೆಯೋದು, ಉಸಿರೆಳೆದಾಗ ಸಿಳ್ಳೆಯಂಥ ಸದ್ದು, ಎದೆ ಹಿಡ್ಕೊಳ್ಳೋದು, ಇವು ಒಳಗೆ ಊತ ಏರ್ತಿದೆ ಅನ್ನೋ ಗುರುತು. ಸಾಧಾರಣವಾಗಿ 24 ಗಂಟೆಯೊಳಗೆ ಎಂಡೋಸ್ಕೋಪಿ ಮಾಡಿ ಎಷ್ಟು ಸುಟ್ಟಿದೆ ಅಂತ ನೋಡ್ತಾರೆ. ಲೋಟಗಟ್ಟಲೆ ಹಾಲು ಕುಡಿಸಿ ಕರ್ಕೊಂಡು ಬಂದ್ರೆ ಆ ನೋಟಕ್ಕೂ ಅಡ್ಡಿ. ಆಳವಾಗಿ ಸುಟ್ಟಿದ್ರೆ ವಾರಗಳ ನಂತರ ನಾಳ ಕಿರಿದಾಗುತ್ತೆ, ಅನ್ನ ಇಳಿಯೋದೇ ಕಷ್ಟ ಆಗುತ್ತೆ.

ಸೀಮೆಎಣ್ಣೆ, ಪೇಂಟ್ ಥಿನ್ನರ್, ಟರ್ಪೆಂಟೈನ್ ಕುಡಿದ ಮಕ್ಕಳದ್ದು ಬೇರೆ ಲೆಕ್ಕ. ಅಲ್ಲಿ ಭಯ ಶ್ವಾಸಕೋಶದ್ದು. ಒಂದು ಚಮಚಕ್ಕಿಂತ ಎಷ್ಟೋ ಕಡಿಮೆ ಎಣ್ಣೆ ಉಸಿರುಕೊಳವೆಗೆ ಇಳಿದ್ರೂ ನ್ಯುಮೋನಿಯಾ ಥರದ ಉರಿಯೂತ ಆಗುತ್ತೆ. ಅದನ್ನ ಅಲ್ಲಿಗೆ ತಳ್ಳೋ ದೊಡ್ಡ ದಾರಿಯೇ ವಾಂತಿ. ಕೆಮ್ಮು, ಏದುಸಿರು, ಪಕ್ಕೆ ಒಳಗೆ ಎಳೆಯೋದು ಕಂಡ್ರೆ ತಡ ಮಾಡಬೇಡಿ. ಏನೂ ಕಾಣದಿದ್ರೂ ಕನಿಷ್ಠ ಆರು ಗಂಟೆ ಆಸ್ಪತ್ರೆಯಲ್ಲಿ ನೋಡಿಕೊಳ್ಳೋದು ಇದಕ್ಕೇ.

ನುಸಿಗುಳಿಗೆಗೂ ಕರ್ಪೂರಕ್ಕೂ ನೋಡೋಕೆ ವ್ಯತ್ಯಾಸ ಕಮ್ಮಿ, ಒಳಗೆ ಹೋದ್ರೆ ಬಹಳ. ಕರ್ಪೂರ ನುಂಗಿದ ಮಗುವಿಗೆ ಒಂದೆರಡು ಗಂಟೆಯೊಳಗೇ ಫಿಟ್ಸ್ ಬರಬಹುದು. ನಾಫ್ತಲೀನ್ ನುಸಿಗುಳಿಗೆ ಒಂದೆರಡು ದಿನ ಸುಮ್ಮನಿದ್ದು, ಆಮೇಲೆ ರಕ್ತಕಣ ಒಡೆಯುತ್ತೆ: ಮುಖ ಬಿಳಿಚುತ್ತೆ, ಕಣ್ಣು ಹಳದಿ, ಮೂತ್ರ ಕಪ್ಪು ಚಹಾದ ಬಣ್ಣ. ರಕ್ತಕಣ ಕಾಯೋ ಜಿ6ಪಿಡಿ ಅನ್ನೋ ಕಿಣ್ವದ ಕೊರತೆ ಇರೋ ಮಕ್ಕಳಿಗೆ ಇನ್ನೂ ಜಾಸ್ತಿ. ಇಲ್ಲಿ ಹಾಲು ಕುಡಿಸಿದ್ರೆ ಅದರ ಕೊಬ್ಬಿನಲ್ಲಿ ಕರಗಿ ಬೇಗ ರಕ್ತಕ್ಕೆ ಸೇರುತ್ತೆ. ಇಲಿ ಪೇಸ್ಟೂ ಹಾಗೇ, ಮೊದಲ ದಿನ ಏನೂ ಆಗಿಲ್ಲ ಅನ್ನಿಸುತ್ತೆ, ಲಿವರ್ ಕೆಡೋದು ಆಮೇಲೆ. "ಆರಾಮಾಗಿದ್ದಾನೆ" ಅಂತ ಬರೆದುಕೊಟ್ಟು ಮನೆಗೆ ಹೋಗಬೇಡಿ.

ಇನ್ನು ನಿದ್ದೆ ಮಾತ್ರೆ. ಇಲ್ಲಂತೂ ಬಾಯಿಗೆ ಸುರಿಯೋರು ಕಾಫಿ ಕಾಯಿಸಿಕೊಂಡೇ ಬರ್ತಾರೆ. ಕೆನ್ನೆಗೆ ಹೊಡೀತಾರೆ, ತಣ್ಣೀರು ಸುರೀತಾರೆ, ಇಬ್ಬರು ಹೆಗಲು ಹಿಡಿದು ಅಂಗಳದಲ್ಲಿ ನಡೆಸ್ತಾರೆ. ಅರೆ ಎಚ್ಚರದಲ್ಲಿರೋರಿಗೆ ನುಂಗೋ ಶಕ್ತಿ ಸೋತಿರುತ್ತೆ, ಆ ಕಾಫಿ ನೇರ ಶ್ವಾಸಕೋಶಕ್ಕೆ. ಎಲ್ಲಕ್ಕಿಂತ ಹೊಟ್ಟೆ ಉರಿಯೋದು "ಗೊರಕೆ ಹೊಡೀತಿದ್ದ, ಚೆನ್ನಾಗಿ ನಿದ್ದೆ ಬಂದಿದೆ ಅಂತ ಬಿಟ್ವಿ" ಅನ್ನೋ ಮಾತಿಗೆ. ಆ ಗೊರಕೆ ನಿದ್ದೆಯದಲ್ಲರೀ! ನಾಲಗೆ ಹಿಂದಕ್ಕೆ ಬಿದ್ದು ಉಸಿರುದಾರಿ ಅರ್ಧ ಮುಚ್ಚಿರೋ ಸದ್ದು ಅದು.

ಎಡಮಗ್ಗುಲಿಗೆ ಹೊರಳಿಸಿ. ಮೇಲಿನ ಕಾಲು ಮಂಡಿಯಲ್ಲಿ ಮಡಿಸಿ ಮುಂದಕ್ಕೆ ಊರಿ, ಮೈ ಅಂಗಾತ ಬೀಳದ ಹಾಗೆ. ಮೇಲಿನ ಕೈ ಕೆನ್ನೆಯ ಕೆಳಗೆ. ಗದ್ದ ಸ್ವಲ್ಪ ಮೇಲಕ್ಕೆ, ಬಾಯಿ ನೆಲದ ಕಡೆ, ತಾನಾಗೇ ವಾಂತಿ ಆದ್ರೆ ಹೊರಗೆ ಹರೀಲಿ. ದಿಂಬು ಬೇಡ. ಉಸಿರು ಎಣಿಸಿ: ದೊಡ್ಡವರಿಗೆ ನಿಮಿಷಕ್ಕೆ 12ರಿಂದ 20. ಹತ್ತಕ್ಕಿಂತ ಇಳಿದ್ರೆ, ತುಟಿ ನೀಲಿಯಾದ್ರೆ, 108ಕ್ಕೆ ಅದನ್ನೇ ಮೊದಲು ಹೇಳಿ. ಉಸಿರೇ ನಿಂತ್ರೆ ಎದೆ ಒತ್ತೋದು ಶುರು ಮಾಡಿ, ಉಸಿರು ಕೊಡೋದು ಗೊತ್ತಿದ್ರೆ ಅದನ್ನೂ.

ಖಾಲಿ ಸ್ಟ್ರಿಪ್ ಹುಡುಕಿ ತನ್ನಿ. ಆಲ್ಪ್ರಜೋಲಾಮ್, ಡಯಾಜೆಪಾಮ್ ಗುಂಪಿನ ಮಾತ್ರೆ ಮಾತ್ರ ಆದ್ರೆ ಉಸಿರುದಾರಿ ಕಾಯ್ದುಕೊಂಡು ಆಕ್ಸಿಜನ್ ಕೊಟ್ರೆ ಹೆಚ್ಚಿನವರು ಏಳ್ತಾರೆ. ಜೊತೆಗೆ ಮದ್ಯ ಇದ್ರೆ ಉಸಿರು ನಿಲ್ಲೋ ಅಪಾಯ ಬಹಳ, ಅದನ್ನ ಮುಚ್ಚಿಡಬೇಡಿ. ಆದರೆ ಮನೆಯವರು "ನಿದ್ದೆ ಮಾತ್ರೆ" ಅನ್ನೋದು ಎಷ್ಟೋ ಸಲ ತಲೆನೋವಿಗೆ, ನರದ ನೋವಿಗೆ ಬರೆದುಕೊಟ್ಟ ಅಮಿಟ್ರಿಪ್ಟಿಲಿನ್ ಆಗಿರುತ್ತೆ. ಅದು ಹೃದಯದ ಲಯ ಕೆಡಿಸುತ್ತೆ. ಇಸಿಜಿಯಲ್ಲಿ ಕ್ಯೂಆರ್‌ಎಸ್ ಅನ್ನೋ ಅಲೆ ಅಗಲ ಆದ್ರೆ ಸೋಡಿಯಂ ಬೈಕಾರ್ಬೊನೇಟ್ ರಕ್ತನಾಳಕ್ಕೆ ಕೊಡಬೇಕು. ಡಯಾಜೆಪಾಮ್ ಗುಂಪಿಗೆ ಫ್ಲೂಮಾಜೆನಿಲ್ ಅನ್ನೋ ಪ್ರತಿಮದ್ದು ಇದೆ. ಆದರೆ ಅಮಿಟ್ರಿಪ್ಟಿಲಿನ್ ಒಳಗಿದ್ದಾಗಲೋ, ವರ್ಷಗಟ್ಟಲೆ ನಿದ್ದೆ ಮಾತ್ರೆ ರೂಢಿ ಇರೋರಿಗೋ ಅದನ್ನ ಕೊಟ್ರೆ ಫಿಟ್ಸ್ ಬರುತ್ತೆ. ಫಿಟ್ಸ್ ಕಾಯಿಲೆಯ ಫಿನೋಬಾರ್ಬಿಟೋನ್‌ಗೆ ಮತ್ತೊಂದು ದಾರಿ, ಮತ್ತೆ ಮತ್ತೆ ಇದ್ದಿಲು ಮದ್ದು (ವಿಷ ಹೀರಿಕೊಳ್ಳೋ ಆಕ್ಟಿವೇಟೆಡ್ ಚಾರ್ಕೋಲ್), ಕೆಲವರಿಗೆ ಡಯಾಲಿಸಿಸ್. ಇಷ್ಟೆಲ್ಲಾ ನಿರ್ಧಾರ ನಿಂತಿರೋದು ನೀವು ಕಸದ ಬುಟ್ಟಿಯಿಂದ ಎತ್ತಿ ತಂದ ಆ ತಗಡಿನ ಚೂರಿನ ಮೇಲೆ. ಎಷ್ಟು ಗಂಟೆಗೆ ತಗೊಂಡದ್ದು ಅಂತ ಅದರ ಜೊತೆ ಒಂದು ಚೀಟಿಯಲ್ಲಿ ಬರೆದು ತನ್ನಿ.

ಆಸ್ಪತ್ರೆಗೆ ಬಂದ ಮೇಲೂ ಅದೇ ಹಟ: "ಹೊಟ್ಟೆ ತೊಳೀರಿ." ಆಸಿಡ್ಡಿಗೆ, ಸೀಮೆಎಣ್ಣೆಗೆ ತೊಳೆಯೋ ಹಾಗೇ ಇಲ್ಲ. ಮಾತ್ರೆಗೂ ಒಂದು ಗಂಟೆ ದಾಟಿದ್ರೆ ಲಾಭ ಕಮ್ಮಿ. ಎಚ್ಚರ ತಪ್ಪಿದವರಿಗೆ ಉಸಿರುಕೊಳವೆ ಭದ್ರ ಮಾಡದೆ ನಳಿಗೆ ಇಳಿಸಿದ್ರೆ ಹೊಟ್ಟೆಯಲ್ಲಿರೋದೆಲ್ಲ ಶ್ವಾಸಕೋಶಕ್ಕೆ ಹೋಗುತ್ತೆ. ಇದ್ದಿಲು ಮದ್ದು ದೊಡ್ಡವರಿಗೆ 50 ಗ್ರಾಂ, ಅದೂ ಎಚ್ಚರ ಇದ್ದು ನುಂಗಬಲ್ಲವರಿಗೆ. ಆಸಿಡ್ಡಿಗೆ ಅದು ಅಂಟೋದೇ ಇಲ್ಲ. ಹೊಟ್ಟೆ ತೊಳೀಲಿಲ್ಲ ಅಂತ ಡ್ಯೂಟಿ ಡಾಕ್ಟರ ಕಾಲರ್ ಹಿಡಿಯೋ ಮುಂಚೆ ಇದು ಗೊತ್ತಿರಲಿ.

"ಜಗಳೂರಿನ ಆಚೆ, ಮೊಳಕಾಲ್ಮೂರಿನ ಹಳ್ಳಿಯಲ್ಲಿ ಆಸ್ಪತ್ರೆ ದೂರ, ಸುಮ್ಮನೆ ಕೂರೋಕಾಗುತ್ತಾ" ಅಂತ ಕೇಳ್ತೀರಿ. ದೂರ ಇರೋದಕ್ಕೇ ಕುಡಿಸಬೇಡಿ ಅಂತಿರೋದು. ದಾರಿಯಲ್ಲಿ ವಾಂತಿ ನೆತ್ತಿಗೇರಿದ್ರೆ ಹೀರಿ ತೆಗೆಯೋ ಮಷೀನು ನಿಮ್ಮ ಜೀಪಿನಲ್ಲಿಲ್ಲ. ಮಗ್ಗುಲಿಗೆ ಮಲಗಿಸೋದು, ಉಸಿರು ಎಣಿಸೋದು, ಸ್ಟ್ರಿಪ್ ಹುಡುಕೋದು, ಇದೆಲ್ಲ ಸುಮ್ಮನೆ ಕೂರೋದಲ್ಲ. ದೆಹಲಿ ಏಮ್ಸ್‌ನ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ನಂಬರ್ 1800 116 117 ಫೋನಿನಲ್ಲಿ ಉಳಿಸಿಕೊಳ್ಳಿ, ಫೋನ್ ಮಾಡ್ತಾ ಮಾಡ್ತಾ ದಾರಿ ಹಿಡೀರಿ.

ಬೇಕೆಂದೇ ತಗೊಂಡಿದ್ರೂ ಡಾಕ್ಟರ ಹತ್ತಿರ ಸುಳ್ಳು ಹೇಳಬೇಡಿ. ಪೊಲೀಸರ ಭಯಕ್ಕೆ "ಟಾನಿಕ್ ಅಂದ್ಕೊಂಡು ಕುಡಿದ್ಳು" ಅಂತಾರೆ, ಅಲ್ಲೇ ಅರ್ಧ ಗಂಟೆ ಹಾಳು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಹಾಗೆ ಮಾಡಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸುತ್ತೆ. ಜುಲೈ 2024ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಆತ್ಮಹತ್ಯೆ ಯತ್ನವನ್ನ ಅಪರಾಧ ಅಂತಿದ್ದ ಹಳೇ ಐಪಿಸಿ 309 ಇಲ್ಲ. ಆಸ್ಪತ್ರೆಯವರು ಎಂಎಲ್‌ಸಿ (ಪೊಲೀಸರಿಗೆ ಹೋಗೋ ವೈದ್ಯಕೀಯ ದಾಖಲೆ) ಬರೀತಾರೆ, ಬರೀಲಿ. ಮನೆಗೆ ಬಂದ ಮೇಲೆ ಅವರನ್ನ ಬೈಯಬೇಡಿ, ಒಂಟಿ ಬಿಡಬೇಡಿ, ಮನೆಯ ಮಾತ್ರೆಗಳನ್ನೆಲ್ಲ ಬೀಗದೊಳಗಿಡಿ. ಮನಸ್ಸಿನ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ 14416, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡ್ತಾರೆ. ಈಗ ಇದನ್ನ ಓದ್ತಿರೋ ಯಾರಿಗಾದ್ರೂ ಬೇಕಿದ್ರೆ ಆ ನಂಬರಿಗೆ ಈಗಲೇ ಫೋನ್ ಮಾಡಿ.

ಇನ್ನೊಂದು. ಬೆಳಗ್ಗೆ ಆಟೋ ಹೋದ ಮೇಲೆ ನೋಡಿದ್ರೆ ಆ ಜ್ಯೂಸ್ ಬಾಟ್ಲಿ ಕಟ್ಟೆ ಮೇಲೇ ಇತ್ತು. ಗಾಡಿಯವನ ಹತ್ತಿರ ಬಿಡಿಯಾಗಿ ತಗೊಂಡಿದ್ದಂತೆ, ಒಳಗಿರೋದು ಏನು, ಎಷ್ಟು ತೀಕ್ಷ್ಣ ಅನ್ನೋದಕ್ಕೆ ಒಂದು ಅಕ್ಷರ ಇಲ್ಲ. ಮುಚ್ಚಳ ಬಿಗಿ ಮಾಡಿ, ಎರಡು ಕವರಿನಲ್ಲಿ ಸುತ್ತಿ, ನೆಟ್ಟಗೆ ಹಿಡಿದುಕೊಂಡು ಹೋಗು ಅಂತ ಪಕ್ಕದ ಮನೆ ಹುಡುಗನನ್ನ ಬೈಕಿನಲ್ಲಿ ಆಟೋ ಹಿಂದೆ ಕಳಿಸಿದ್ದಾಯ್ತು.