ಕಷ್ಟದಲ್ಲಿದ್ದವರಿಂದ ಹಿಡಿದ ಬ್ಯಾಂಕ್ ದಂಡ ವಾಪಸ್ ಸಿಗಬೇಕೇ?

ಪರ: ದುಡ್ಡಿಲ್ಲದವನಿಗೇ ದಂಡವೇ?

ಖಾತೆಯಲ್ಲಿ ದುಡ್ಡಿಲ್ಲ. ಅದಕ್ಕೆ ದಂಡ. ದಂಡ ಕಟ್ಟಲೂ ದುಡ್ಡಿಲ್ಲ. ಹಾಗಾಗಿ ಮುಂದೆ ಯಾರಾದರೂ ಹಾಕಿದ ದುಡ್ಡಿನಲ್ಲಿ ಮೊದಲು ದಂಡ ಹಿಡಿದುಕೊಳ್ಳುತ್ತಾರೆ. ಇದನ್ನು ಸೇವಾ ಶುಲ್ಕ ಅನ್ನುವವರಿಗೆ ನನ್ನದು ಒಂದೇ ಪ್ರಶ್ನೆ. ಇಲ್ಲಿ ಸೇವೆ ಯಾವುದು?

ನಮ್ಮ ಭಾವ ಆಟೊ ಓಡಿಸುತ್ತಾರೆ. ಸಾಲ ಒಂದು ಫೈನಾನ್ಸ್ ಕಂಪನಿಯದು, ಖಾತೆ ಒಂದು ಖಾಸಗಿ ಬ್ಯಾಂಕಿನದು. ಕಳೆದ ಮಳೆಗಾಲದಲ್ಲಿ ಆಟೊ ಮಗುಚಿ ಕಾಲು ಮುರಿಯಿತು. ಕಂತಿನ ದಿನ ಖಾತೆಯಲ್ಲಿ ಏನೂ ಇರಲಿಲ್ಲ. ಇಎಂಐ ಬೌನ್ಸ್ ಆಯಿತು. ಬ್ಯಾಂಕು 500 ರೂಪಾಯಿ ಹಾಕಿತು, ಅದರ ಮೇಲೆ ಜಿಎಸ್‌ಟಿ. ಫೈನಾನ್ಸ್ ಕಂಪನಿಯ ಬೌನ್ಸ್ ಚಾರ್ಜ್ ಬೇರೆ. ಕೆಲವೇ ದಿನ ಬಿಟ್ಟು ಅದೇ ಕಂತನ್ನು ಮತ್ತೆ ಕಳಿಸಿದರು. ಮತ್ತೆ ಬೌನ್ಸ್, ಮತ್ತೆ 500. ಕಾಲಿಗೆ ರಾಡ್ ಹಾಕಿಸಿಕೊಂಡು ಮಲಗಿದ ಮನುಷ್ಯನಿಗೆ ಅಷ್ಟರಲ್ಲಿ ದುಡ್ಡು ಎಲ್ಲಿಂದ ಉದುರುತ್ತದೆ? ತಿಂಗಳ ಕೊನೆಗೆ ಮಿನಿಮಮ್ ಬ್ಯಾಲೆನ್ಸ್ ಇಲ್ಲ ಅಂತ ಇನ್ನೊಂದು ದಂಡ.

ಔಷಧಿಗೆ ಇರಲಿ ಅಂತ ನಾನು ಐದು ಸಾವಿರ ಹಾಕಿದೆ. ಅಕ್ಕ ಎಟಿಎಂಗೆ ಹೋದರೆ ಪೂರ್ತಿ ಬರಲಿಲ್ಲ. ಹಳೇ ಬಾಕಿಗೆ ಲೀನ್ ಹಾಕಿದ್ದರು, ಅಂದರೆ ಅಷ್ಟು ದುಡ್ಡು ತೆಗೆಯದಂತೆ ತಡೆದಿದ್ದರು. ನಾನು ಭಾವನಿಗೆ ಕೊಟ್ಟದ್ದು ಬ್ಯಾಂಕಿಗೆ ಹೋಯಿತು. ಶಾಖೆಯಲ್ಲಿದ್ದ ಹುಡುಗ ಒಳ್ಳೆಯವನೇ, ಪಾಪ. "ಸಿಸ್ಟಮ್ ಹಿಡಿಯೋದು ಸರ್, ನಾವಲ್ಲ" ಅಂದ.

ರಿಸರ್ವ್ ಬ್ಯಾಂಕಿಗೆ ಇದು ಗೊತ್ತಿಲ್ಲದ ವಿಷಯವಲ್ಲ. 2014ರ ಏಪ್ರಿಲ್‌ನಲ್ಲಿ, ರಘುರಾಮ್ ರಾಜನ್ ಗವರ್ನರ್ ಆಗಿದ್ದಾಗ, ಅದೇ ಹೇಳಿತ್ತು: ಗ್ರಾಹಕರು ಕಷ್ಟದಲ್ಲಿದ್ದಾರೆ ಅಂತಲೋ ಗಮನ ಕೊಟ್ಟಿಲ್ಲ ಅಂತಲೋ ಬ್ಯಾಂಕುಗಳು ಲಾಭ ಮಾಡಿಕೊಳ್ಳಬಾರದು. ಮಿನಿಮಮ್ ಬ್ಯಾಲೆನ್ಸ್ ಇಲ್ಲದಿದ್ದರೆ ದಂಡದ ಬದಲು ಸೇವೆ ಕಡಿಮೆ ಮಾಡಿ. ನವೆಂಬರ್ ಹೊತ್ತಿಗೆ ದನಿ ಮೆತ್ತಗಾಯಿತು. ದಂಡ ಹಾಕಿ, ಆದರೆ ಮೊದಲು ತಿಳಿಸಿ, ಸರಿಪಡಿಸಲು ಒಂದು ತಿಂಗಳಾದರೂ ಕೊಡಿ, ಎಷ್ಟು ಕಡಿಮೆ ಇದೆಯೋ ಆ ಲೆಕ್ಕದಲ್ಲಿ ಹಾಕಿ, ದಂಡದಿಂದಲೇ ಖಾತೆ ಮೈನಸ್‌ಗೆ ಹೋಗಬಾರದು. ಇದು 2015ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಭಾವನ ಖಾತೆಯೂ ಮೈನಸ್‌ಗೆ ಹೋಗಲಿಲ್ಲ, ಸರಿ. ಬಾಕಿ ಬರೆದಿಟ್ಟುಕೊಂಡು ಕಾದರು, ಅಷ್ಟೆ.

ಇದೇನು ಚಿಲ್ಲರೆ ದುಡ್ಡಲ್ಲ. 2017ರ ಏಪ್ರಿಲ್‌ನಿಂದ ನವೆಂಬರ್‌ವರೆಗೆ ಎಸ್‌ಬಿಐ ಬರೀ ಮಿನಿಮಮ್ ಬ್ಯಾಲೆನ್ಸ್ ದಂಡವಾಗಿಯೇ 1,771 ಕೋಟಿ ರೂಪಾಯಿ ಹಿಡಿಯಿತು. ಆ ವರ್ಷ ಜುಲೈ-ಸೆಪ್ಟೆಂಬರ್‌ನಲ್ಲಿ ಅದರ ನಿವ್ವಳ ಲಾಭವೇ 1,581 ಕೋಟಿ. ಗಲಾಟೆ ಆದ ಮೇಲೆ ದಂಡ ಇಳಿಸಿತು, 2020ರ ಮಾರ್ಚ್‌ನಲ್ಲಿ ಪೂರ್ತಿ ಕೈಬಿಟ್ಟಿತು. ಬ್ಯಾಂಕೇನೂ ಮುಳುಗಲಿಲ್ಲ ಅಲ್ವಾ?

ಹಿಡಿದದ್ದನ್ನು ವಾಪಸ್ ಕೊಡಲು ಆಗುವುದಿಲ್ಲ ಅನ್ನುವುದೂ ಸುಳ್ಳು. ಜೀರೋ ಬ್ಯಾಲೆನ್ಸ್ ಖಾತೆಯವರು ತಿಂಗಳಿಗೆ ನಾಲ್ಕಕ್ಕಿಂತ ಜಾಸ್ತಿ ಸಲ ಯುಪಿಐ, ರುಪೇ ಬಳಸಿದರೂ ಅದೇ ಬ್ಯಾಂಕು ಪ್ರತಿ ಸಲ 17 ರೂಪಾಯಿ 70 ಪೈಸೆ ಹಿಡಿಯುತ್ತಿತ್ತು. ಐಐಟಿ ಬಾಂಬೆಯ ಆಶಿಶ್ ದಾಸ್ ಇದನ್ನು ಲೆಕ್ಕ ಹಾಕಿ ತೋರಿಸಿದರು. 2020ರ ಜನವರಿ 1ರಿಂದ ಹಿಡಿದದ್ದನ್ನು ಹಿಂದಿರುಗಿಸಿ ಅಂತ ಆ ವರ್ಷದ ಆಗಸ್ಟ್‌ನಲ್ಲಿ ನೇರ ತೆರಿಗೆ ಮಂಡಳಿ ಬ್ಯಾಂಕುಗಳಿಗೆ ಹೇಳಿತು. ಎಸ್‌ಬಿಐ ಸುಮಾರು 90 ಕೋಟಿ ಹಿಂದಿರುಗಿಸಿತು.

ಆಸ್ಪತ್ರೆ ಬಿಲ್ಲೋ ಕೆಲಸ ಹೋದ ಪತ್ರವೋ ತೋರಿಸಿದರೆ ಆ ತಿಂಗಳುಗಳ ದಂಡ ತಾನಾಗಿಯೇ ವಾಪಸ್ ಬರಬೇಕು. ನಾವು ಕೇಳುತ್ತಿರುವುದು ಇಷ್ಟೇ. ಈಗ ಬ್ಯಾಂಕಿಗೆ ಬರೆಯಬೇಕು, 30 ದಿನ ಕಾಯಬೇಕು, ಆಮೇಲೆ ಒಂಬುಡ್ಸ್‌ಮನ್, ಅಂದರೆ ಬ್ಯಾಂಕಿನ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಅಧಿಕಾರಿ. ದೂರು ಕೊಡಲು ದುಡ್ಡು ಬೇಡ, 14448ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ಆದರೆ ಒಂಬುಡ್ಸ್‌ಮನ್ ನೋಡುವುದು ಸೇವೆಯಲ್ಲಿ ಕೊರತೆ ಇತ್ತೇ ಅಂತ. ಕಾಲು ಮುರಿದಿತ್ತೇ ಅಂತ ಅಲ್ಲ. ಭಾವನಿಗೆ ಬ್ಯಾಂಕು ಕೊನೆಗೆ ಒಂದು ಬೌನ್ಸ್ ಚಾರ್ಜ್ ವಾಪಸ್ ಹಾಕಿತು, "ಗುಡ್‌ವಿಲ್" ಅಂತೆ. ಒಂದನ್ನು ಕೊಡಲು ಆಗುತ್ತದೆ ಅಂದರೆ ಉಳಿದದ್ದಕ್ಕೆ ಏನು ಅಡ್ಡಿ?

ವಿರೋಧ: ಕಷ್ಟ ಅಳೆಯುವವರು ಯಾರು?

ಈ ಕಡೆ ಬರೆಯಲು ಯಾರೂ ಸಿಗಲಿಲ್ಲವಂತೆ. ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದ ನನ್ನ ಪಾಲಿಗೆ ಬಂದಿದೆ.

ದಂಡ ಇರುವುದು ಜನ ಕಂತಿನ ದಿನ ನೆನಪಿಟ್ಟುಕೊಳ್ಳಲಿ ಅಂತ. ಚೆಕ್ ಬೌನ್ಸ್ ಆದರೆ ಕೇಸು ಬೀಳುತ್ತದೆ ಅಂತ ಎಲ್ಲರಿಗೂ ಗೊತ್ತು. ಇಎಂಐ ಮ್ಯಾಂಡೇಟ್ (ಕಂತನ್ನು ಖಾತೆಯಿಂದ ತಾನಾಗಿ ಹಿಡಿಯಲು ಕೊಟ್ಟ ಒಪ್ಪಿಗೆ) ಬೌನ್ಸ್ ಆದರೂ ಅಷ್ಟೇ. 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆಯ 25ನೇ ಸೆಕ್ಷನ್‌ನಲ್ಲಿ ಜೈಲು ಶಿಕ್ಷೆಗೂ ಅವಕಾಶವಿದೆ. ಕಾನೂನೇ ಅಪರಾಧ ಅಂದದ್ದನ್ನು ಕೇಳಿದಾಗೆಲ್ಲ ಮನ್ನಾ ಮಾಡಿದರೆ ಗಡುವಿಗೆ ಬೆಲೆ ಎಲ್ಲಿ? ಇವತ್ತು ದಂಡ ವಾಪಸ್, ನಾಳೆ ಬಡ್ಡಿ ವಾಪಸ್, ನಾಡಿದ್ದು ಅಸಲೂ ಬೇಡ ಅನ್ನುತ್ತಾರೆ.

ಕಷ್ಟ ಯಾರಿಗಿಲ್ಲ ಹೇಳಿ. ಆಸ್ಪತ್ರೆ ಸೇರಿದವರಿಗೂ ಕಷ್ಟ, ಅದ್ದೂರಿ ಮದುವೆ ಮಾಡಿ ಸಾಲ ಹೊತ್ತವರಿಗೂ ಕಷ್ಟ, ಆನ್‌ಲೈನ್ ರಮ್ಮಿಯಲ್ಲಿ ಕಳೆದವರಿಗೂ ಕಷ್ಟ. ಇದನ್ನು ವಿಂಗಡಿಸುವ ಕೆಲಸ ಮ್ಯಾನೇಜರ್ ಕೈಗೆ ಬಂದರೆ ಏನಾಗುತ್ತದೆ ಅಂತ ನಾನು ನೋಡಿದ್ದೇನೆ. ನಮ್ಮ ಶಾಖೆಯಲ್ಲಿ ದಂಡ ತೆಗೆಯಿರಿ ಅಂತ ಜೋರು ಮಾಡುತ್ತಿದ್ದವರು ಕಾರಿನಲ್ಲಿ ಬರುತ್ತಿದ್ದರು. ಒಬ್ಬ ಗುತ್ತಿಗೆದಾರರಂತೂ ಒಳಗೆ ಹೋಗಿ ಕಾಫಿ ಕುಡಿದು ಹೊರಗೆ ಬರುವಷ್ಟರಲ್ಲಿ ಅವರ ಚಾರ್ಜ್ ರಿವರ್ಸ್ ಆಗಿರುತ್ತಿತ್ತು. ಪಿಂಚಣಿಗೆ ಬಂದ ಅಜ್ಜಿಯರು ಏನೂ ಕೇಳುತ್ತಿರಲಿಲ್ಲ. ಕಡಿತವಾದದ್ದು ಅವರಿಗೆ ಗೊತ್ತೇ ಇರುತ್ತಿರಲಿಲ್ಲ. (ಇದು ಯಾರ ಪರವಾದ ಮಾತು ಅಂತ ನನಗೂ ಸ್ವಲ್ಪ ಅನುಮಾನವೇ.)

ಒಂದೇ ಕಂತನ್ನು ಮತ್ತೆ ಮತ್ತೆ ಕಳಿಸಿ ಬೌನ್ಸ್ ಮಾಡಿಸುತ್ತಾರೆ ಅಂತ ದೂರುತ್ತಾರೆ. ಅದನ್ನು ಸಾಲ ಕೊಟ್ಟ ಕಂಪನಿಯನ್ನು ಕೇಳಿ, ಬ್ಯಾಂಕನ್ನಲ್ಲ.

ಮಿನಿಮಮ್ ಬ್ಯಾಲೆನ್ಸ್ ಜಗಳ ಹೇಗೂ ಮುಗಿಯುತ್ತಾ ಬಂದಿದೆ. ಮಂಗಳೂರಿನಲ್ಲಿ ಹುಟ್ಟಿದ ನಮ್ಮ ಕೆನರಾ ಬ್ಯಾಂಕ್ 2025ರ ಜೂನ್ 1ರಿಂದ ಎಲ್ಲ ಉಳಿತಾಯ ಖಾತೆಗಳಿಗೂ ಆ ದಂಡ ತೆಗೆಯಿತು. ಅದರ ಹಿಂದೆಯೇ ಇನ್ನೂ ಕೆಲವು ಸರ್ಕಾರಿ ಬ್ಯಾಂಕುಗಳು ತೆಗೆದವು. ಪೈಪೋಟಿಯಲ್ಲಿ ತಾನಾಗಿ ಸರಿಹೋಗುತ್ತಿರುವುದಕ್ಕೆ ಹಳೇ ಲೆಕ್ಕ ಕೆದಕುವ ಹೊಸ ನಿಯಮ ಯಾಕೆ?

ಕೈಯಲ್ಲಿ ದುಡ್ಡು ನಿಲ್ಲುವುದಿಲ್ಲ ಅಂತ ಗೊತ್ತಿರುವವರು ಬೇಸಿಕ್ ಉಳಿತಾಯ ಖಾತೆಗೆ ಬದಲಾಯಿಸಿಕೊಳ್ಳಬಹುದು. 2012ರಿಂದಲೂ ಎಲ್ಲ ಬ್ಯಾಂಕಿನಲ್ಲೂ ಇದೆ, ಖಾಸಗಿ ಬ್ಯಾಂಕಿನಲ್ಲೂ. ಮಿನಿಮಮ್ ಬ್ಯಾಲೆನ್ಸ್ ಇಲ್ಲ, ತಿಂಗಳಿಗೆ ನಾಲ್ಕು ಸಲವಾದರೂ ಶುಲ್ಕವಿಲ್ಲದೆ ದುಡ್ಡು ತೆಗೆಯಬಹುದು. ಅದೇ ಬ್ಯಾಂಕಿನಲ್ಲಿ ಬೇರೆ ಉಳಿತಾಯ ಖಾತೆ ಇದ್ದರೆ 30 ದಿನದಲ್ಲಿ ಮುಚ್ಚಬೇಕು. ಒಂದು ಅರ್ಜಿ ಕೊಟ್ಟರೆ ಆಯಿತು. ಕೌಂಟರಿನವರು ತಾವಾಗಿ ಹೇಳುವುದಿಲ್ಲ, ಬಾಯಿಬಿಟ್ಟು ಕೇಳಬೇಕು.