ಸ್ಪಷ್ಟನೆ: 'ರೆಡ್ ಹೆಡೆಡ್ ಸ್ಟ್ರೇಂಜರ್' ವಿಲ್ಲಿ ನೆಲ್ಸನ್ ಅವರ ಮೊದಲ ಆಲ್ಬಂ ಅಲ್ಲ

ಅಮೆರಿಕದ ಕಂಟ್ರಿ (ಅಲ್ಲಿನ ಹಳ್ಳಿಗಾಡಿನ ಮೂಲದ ಜನಪ್ರಿಯ ಸಂಗೀತ) ಗಾಯಕ ವಿಲ್ಲಿ ನೆಲ್ಸನ್ ಬಗ್ಗೆ ಒಂದು ಮೆಸೇಜ್ ಓಡಾಡುತ್ತಿದೆ. 1975ರ 'ರೆಡ್ ಹೆಡೆಡ್ ಸ್ಟ್ರೇಂಜರ್' ಅವರ ಮೊದಲ ಆಲ್ಬಂ, ಅದರ ಹಿಟ್ ಹಾಡು 'ಬ್ಲೂ ಐಸ್ ಕ್ರೈಯಿಂಗ್ ಇನ್ ದ ರೇನ್' ಅವರೇ ಬರೆದದ್ದು ಅಂತ ಅದರಲ್ಲಿದೆ. ಹೋದ ವಾರ ನಾನೂ ಅದನ್ನು ಹಂಚಿದ್ದೆ. ಎರಡೂ ತಪ್ಪು.

ಅವರ ಮೊದಲ ಆಲ್ಬಂ ಬಂದದ್ದು 1962ರಲ್ಲಿ. ಆಮೇಲೆ ಹತ್ತಕ್ಕಿಂತ ಜಾಸ್ತಿ ಆಲ್ಬಂ ಬಂದವು. ಆದರೂ ಗಾಯಕರಾಗಿ ದೊಡ್ಡ ಹೆಸರು ಬರಲು 1975ರವರೆಗೆ ಕಾಯಬೇಕಾಯಿತು. ಅಷ್ಟು ವರ್ಷಗಳ ದುಡಿಮೆಯನ್ನು ಒಂದೇ ಸಾಲಿನಲ್ಲಿ ಅಳಿಸಿಬಿಡುವುದು ಸರಿಯಲ್ಲ, ಅಲ್ವಾ?

ಹಾಡು ಬರೆದವರು ಫ್ರೆಡ್ ರೋಸ್. ಗಾಯಕ ರಾಯ್ ಅಕಫ್ 1947ರಲ್ಲೇ ಅದನ್ನು ರೆಕಾರ್ಡ್ ಮಾಡಿದ್ದರು. ಫ್ರೆಡ್ ರೋಸ್ ತೀರಿಕೊಂಡದ್ದು 1954ರಲ್ಲಿ. ತಮ್ಮ ಹಾಡು ವಿಲ್ಲಿ ದನಿಯಲ್ಲಿ ಕಂಟ್ರಿ ಹಾಡುಗಳ ಜನಪ್ರಿಯತೆಯ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿದ್ದನ್ನು ಅವರು ನೋಡಲೇ ಇಲ್ಲ. ಕೊನೇಪಕ್ಷ ಅವರ ಹೆಸರಾದರೂ ಉಳಿಯಲಿ. ಆಲ್ಬಂನಲ್ಲೂ ಹಾಡಿನ ಜೊತೆ ಅವರ ಹೆಸರೇ ಇದೆ, ಯಾರು ಬೇಕಾದರೂ ನೋಡಬಹುದು.

ವಿಲ್ಲಿ ಕೂಡ ಒಳ್ಳೆಯ ಹಾಡು ಬರೆದವರೇ. 1961ರಲ್ಲಿ ಗಾಯಕಿ ಪ್ಯಾಟ್ಸಿ ಕ್ಲೈನ್ ಹಾಡಿದ 'ಕ್ರೇಜಿ' ಅವರದೇ. ಬಹುಶಃ ಗೊಂದಲ ಆದದ್ದು ಅದರಿಂದಲೇ.

ಮೆಸೇಜಿನಲ್ಲಿ ಒಂದು ಮಾತು ಮಾತ್ರ ನಿಜ: ಆಲ್ಬಂ ರೆಕಾರ್ಡ್ ಆದದ್ದು ಟೆಕ್ಸಾಸ್‌ನ ಗಾರ್ಲೆಂಡ್‌ನಲ್ಲಿ, ತೀರಾ ಕಡಿಮೆ ವಾದ್ಯಗಳೊಂದಿಗೆ.

ದಯವಿಟ್ಟು ಹಳೆಯ ಮೆಸೇಜನ್ನು ಇನ್ನು ಫಾರ್ವರ್ಡ್ ಮಾಡಬೇಡಿ. ನನ್ನಿಂದ ಪಡೆದು ಮುಂದೆ ಕಳಿಸಿದ್ದರೆ, ಅಲ್ಲಿಗೆ ಇದನ್ನೂ ಕಳಿಸಿ.